ಮನೆಯಲ್ಲಿ ರೋಗಿ, ಫೋನಿನಲ್ಲಿ ವೈದ್ಯರು: ಖರ್ಚು ಯಾರದು?

ಪಾರ್ಶ್ವವಾಯು ಬಡಿದು ಒಂದು ಬದಿ ಸೋತುಹೋದ ಮಾವ, ಸೊಂಟದ ಮೂಳೆ ಮುರಿದು ಏಳಲಾಗದ ಅತ್ತೆ, ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದ ಉಮ್ಮ, ನೆನಪು ಮಾಸುತ್ತಿರುವ ಅಜ್ಜ. ಇವರಲ್ಲಿ ಒಬ್ಬರಾದರೂ ಇಲ್ಲದ ಕುಟುಂಬ ಇಂದು ಅಪರೂಪ. ಪ್ರಿಯ ಸಹೋದರಿ, ಅವರ ಹಾಸಿಗೆಯ ಬಳಿ ನಿಂತಿರುವವರು ಹೆಚ್ಚಾಗಿ ನೀವೇ. ಹೊತ್ತಿಗೆ ಸರಿಯಾಗಿ ಮದ್ದು ಕೊಡುವವರು, ಬೆನ್ನಿನಲ್ಲಿ ಹುಣ್ಣಾಗದಂತೆ ಮಗ್ಗುಲು ಬದಲಿಸುವವರು, ವುಝೂವಿಗೆ ನೀರು ತಂದುಕೊಡುವವರು, ರಾತ್ರಿ ನರಳಿದಾಗ ಎದ್ದು ಕೂರುವವರು ನೀವು.

ಈ ಸೇವೆಯ ಪ್ರತಿಫಲ ಅಲ್ಲಾಹನ ಬಳಿಯಿದೆ. ಅದರಲ್ಲಿ ಸಂದೇಹವಿಲ್ಲ. ಆದರೆ ಸೇವೆಯ ಜೊತೆಗೆ ಖರ್ಚೂ ಇದೆ. ಅದಕ್ಕೆ ಪ್ರತಿ ತಿಂಗಳೂ ಮನೆಯ ಹಣದಲ್ಲೇ ದಾರಿ ಹುಡುಕಬೇಕು. ರೋಗಿಯನ್ನು ವೈದ್ಯರ ಬಳಿ ಕರೆದೊಯ್ಯಬೇಕೆಂದರೆ ಆಟೋ ಅಥವಾ ಬಾಡಿಗೆ ಕಾರು ಬೇಕು, ಎತ್ತಿ ಕೂರಿಸಲು ಇಬ್ಬರು ಗಂಡಸರು ಬೇಕು, ದುಡಿಯುವವರ ಒಂದು ದಿನದ ಸಂಬಳ ಹೋಗಬೇಕು. ಮನೆಯ ಗಂಡಸರು ಗಲ್ಫಿನಲ್ಲಿದ್ದರಂತೂ ನೆರೆಹೊರೆಯವರನ್ನೇ ಕೇಳಬೇಕು. ಹತ್ತು ನಿಮಿಷದ ತಪಾಸಣೆಗಾಗಿ ಒಂದು ಇಡೀ ದಿನ ಕಳೆದುಹೋಗುತ್ತದೆ.

ಫೋನಿನಲ್ಲೇ ವೈದ್ಯರನ್ನು ಕಾಣುವ ವ್ಯವಸ್ಥೆ, ಅಂದರೆ ಟೆಲಿಮೆಡಿಸಿನ್, ಇಂತಹ ಮನೆಗಳಿಗೆ ದೊಡ್ಡ ಆಸರೆಯಾಗಬಲ್ಲದು. ಪ್ರಶ್ನೆ ಇಷ್ಟೇ: ಅದರ ಖರ್ಚನ್ನು ಸರಕಾರದ ಆರೋಗ್ಯ ವಿಮೆ ಭರಿಸುತ್ತದೆಯೇ? ಯಾವುದಕ್ಕೆ ಹಣ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ, ಯಾವುದು ಉಚಿತವಾಗಿಯೇ ಇದೆ? ಇದು ಗೊತ್ತಿಲ್ಲದೆ ಎಷ್ಟೋ ಮನೆಗಳು ಕೊಡಬೇಕಿಲ್ಲದ ಹಣ ಕೊಡುತ್ತಿವೆ, ಸಿಗಬೇಕಾದ ಹಣ ಕಳೆದುಕೊಳ್ಳುತ್ತಿವೆ.

ವಿಮೆ ಎಲ್ಲಿಯವರೆಗೆ ಬರುತ್ತದೆ?

ಆಯುಷ್ಮಾನ್ ಭಾರತ್ ಯೋಜನೆ ದೇಶದಲ್ಲಿ ಆರಂಭವಾದದ್ದು 2018ರ ಸೆಪ್ಟೆಂಬರ್ 23ರಂದು. ಅದೇ ವರ್ಷ ನಮ್ಮ ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆಯನ್ನು ಅದರ ಜೊತೆ ಸೇರಿಸಲಾಯಿತು. ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಗಳಿಗೆ ನಿಗದಿತ ದರದ ಶೇ. 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ ಮೀರದಂತೆ, ಸರಕಾರ ಭರಿಸುತ್ತದೆ. ಹೃದಯದ ಶಸ್ತ್ರಚಿಕಿತ್ಸೆ, ಕ್ಯಾನ್ಸರ್, ಡಯಾಲಿಸಿಸ್ ಮುಂತಾದವುಗಳಲ್ಲಿ ಎಷ್ಟೋ ಬಡ ಕುಟುಂಬಗಳು ಸಾಲದಿಂದ ಪಾರಾಗಲು ಇದು ನೆರವಾಗಿದೆ.

ಆದರೆ ಈ ಯೋಜನೆಯ ಹಣ ಸಿಗುವುದು ರೋಗಿ ಆಸ್ಪತ್ರೆಗೆ ದಾಖಲಾದಾಗ, ಇಲ್ಲವೇ ಡಯಾಲಿಸಿಸ್, ಕೀಮೋಥೆರಪಿಯಂತಹ ಒಂದು ದಿನದ ಚಿಕಿತ್ಸೆ ಪಡೆದಾಗ. ಹೊರರೋಗಿಯಾಗಿ ವೈದ್ಯರನ್ನು ಕಂಡದ್ದಕ್ಕೆ ಸಿಗುವುದಿಲ್ಲ. ಮನೆಯಲ್ಲಿ ಮಲಗಿದ್ದು ಫೋನಿನಲ್ಲಿ ವೈದ್ಯರೊಂದಿಗೆ ಮಾತನಾಡಿದ್ದಕ್ಕೂ ಸಿಗುವುದಿಲ್ಲ. 70 ವರ್ಷ ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, 5 ಲಕ್ಷದ ರಕ್ಷಣೆ ನೀಡುವ ಆಯುಷ್ಮಾನ್ ವಯೋವಂದನ ಕಾರ್ಡನ್ನು ಕೇಂದ್ರ ಸರಕಾರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ಅದೂ ಆಸ್ಪತ್ರೆಯ ಚಿಕಿತ್ಸೆಗೇ ಮೀಸಲು.

ಅಂದರೆ ಆಸ್ಪತ್ರೆಯ ಮಂಚ ವಿಮೆಯ ಲೆಕ್ಕದಲ್ಲಿದೆ, ಮನೆಯ ಮಂಚ ಇಲ್ಲ. ಅತ್ತೆ ಆಸ್ಪತ್ರೆಯಲ್ಲಿದ್ದ ಹತ್ತು ದಿನದ ಖರ್ಚನ್ನು ಸರಕಾರ ಕೊಡುತ್ತದೆ. ಮನೆಗೆ ಬಂದ ಮೇಲಿನ ಹತ್ತು ತಿಂಗಳ ಖರ್ಚು ಮನೆಯದೇ.

ಇದರಲ್ಲೊಂದು ಸಣ್ಣ ಕಿಟಕಿ ತೆರೆದಿದೆ. ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಆಯುಷ್ಮಾನ್ ಭಾರತ್ ನಿಯಮದಂತೆ ದಾಖಲಾಗುವ ಮೊದಲಿನ 3 ದಿನಗಳ ಮತ್ತು ಬಿಡುಗಡೆಯಾದ ನಂತರದ 15 ದಿನಗಳ ಖರ್ಚು, ಅಂದರೆ ಪರೀಕ್ಷೆ ಮತ್ತು ಔಷಧ, ಆ ಚಿಕಿತ್ಸೆಯ ಪ್ಯಾಕೇಜಿನೊಳಗೇ ಬರುತ್ತದೆ. ಆದ್ದರಿಂದ ಡಿಸ್ಚಾರ್ಜ್ ದಿನ ಅವಸರದಲ್ಲಿ ಹೊರಟುಬಿಡಬೇಡಿ. ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಕಂಡು, 15 ದಿನದ ಔಷಧ ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ಕೇಳಿ ಪಡೆಯಿರಿ. ಮನೆಯಲ್ಲಿ ಸಂಶಯ ಬಂದರೆ ಯಾವ ನಂಬರಿಗೆ, ಎಷ್ಟು ಗಂಟೆಯೊಳಗೆ ಫೋನ್ ಮಾಡಬೇಕು ಎಂಬುದನ್ನು ಡಿಸ್ಚಾರ್ಜ್ ಕಾಗದದ ಮೇಲೆಯೇ ಬರೆಸಿಕೊಳ್ಳಿ. ಯೋಜನೆಯ ಕುರಿತು ವಿಚಾರಿಸಲು 14555 ಎಂಬ ಉಚಿತ ಸಂಖ್ಯೆಯೂ ಇದೆ.

ಮನೆಯಲ್ಲಿ ಯಾರಾದರೂ ಕಾರ್ಖಾನೆಯಲ್ಲೋ ಗಾರ್ಮೆಂಟ್ಸ್‌ನಲ್ಲೋ ಅಂಗಡಿಯಲ್ಲೋ ದುಡಿಯುತ್ತಿದ್ದು ಸಂಬಳದಿಂದ ಇಎಸ್‌ಐ ಕಡಿತವಾಗುತ್ತಿದ್ದರೆ ನಿಮ್ಮ ಸ್ಥಿತಿ ಬೇರೆ. ಇಎಸ್‌ಐ ಹೊರರೋಗಿ ಚಿಕಿತ್ಸೆಯನ್ನೂ ಔಷಧವನ್ನೂ ಕೊಡುತ್ತದೆ. ದುಡಿಯುವವರನ್ನು ಅವಲಂಬಿಸಿದ ತಂದೆ ತಾಯಿಗೂ ನಿಯಮಕ್ಕೆ ಒಳಪಟ್ಟು ಅದರ ಸೌಲಭ್ಯವಿದೆ. ಆದರೆ ಅವರ ಹೆಸರು ಕಾರ್ಡಿನಲ್ಲಿ ಸೇರಿರಬೇಕು. ಮಗನ ಅಥವಾ ಮಗಳ ಇಎಸ್‌ಐ ಕಾರ್ಡಿನಲ್ಲಿ ಉಮ್ಮನ ಹೆಸರಿದೆಯೇ ಎಂದು ಇಂದೇ ನೋಡಿಕೊಳ್ಳಿ.

ಉಚಿತವಾಗಿ ಸಿಗುವುದಕ್ಕೆ ಹಣ ಕೊಡಬೇಡಿ

ವಿಮೆ ಕೊಡದಿದ್ದರೂ ಫೋನಿನ ವೈದ್ಯರನ್ನು ಸರಕಾರವೇ ಉಚಿತವಾಗಿ ಒದಗಿಸಿದೆ. ಅದರ ಹೆಸರು ಇ-ಸಂಜೀವನಿ. 2019ರ ನವೆಂಬರಿನಲ್ಲಿ ಆರೋಗ್ಯ ಕೇಂದ್ರಗಳನ್ನು ವೈದ್ಯರೊಂದಿಗೆ ಜೋಡಿಸುವ ಸಲುವಾಗಿ ಇದು ಆರಂಭವಾಯಿತು. ಕೊರೋನಾ ಲಾಕ್‌ಡೌನ್ ಸಮಯದಲ್ಲಿ, 2020ರ ಏಪ್ರಿಲ್ 13ರಿಂದ, ಮನೆಯಿಂದಲೇ ನೇರವಾಗಿ ವೈದ್ಯರನ್ನು ಕಾಣುವ ಭಾಗವೂ ಸೇರಿತು. ಈವರೆಗೆ ದೇಶದಲ್ಲಿ 30 ಕೋಟಿಗೂ ಹೆಚ್ಚು ಸಮಾಲೋಚನೆಗಳು ಇದರ ಮೂಲಕ ನಡೆದಿವೆ. ಬಳಸಿದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮಹಿಳೆಯರು.

ಇದನ್ನು ಎರಡು ರೀತಿಯಲ್ಲಿ ಬಳಸಬಹುದು. ಸ್ಮಾರ್ಟ್ ಫೋನಿದ್ದರೆ ಇ-ಸಂಜೀವನಿ ಆಪ್‌ನಲ್ಲಿ ನಿಮ್ಮ ಮೊಬೈಲ್ ಸಂಖ್ಯೆ ಕೊಟ್ಟು, ಬರುವ ಒಟಿಪಿ ಹಾಕಿ, ರೋಗಿಯ ವಿವರ ತುಂಬಿ ಸರತಿಯಲ್ಲಿ ಕಾಯಬೇಕು. ವೈದ್ಯರು ವೀಡಿಯೋದಲ್ಲಿ ಮಾತನಾಡಿದ ನಂತರ ಔಷಧ ಚೀಟಿ ಫೋನಿಗೇ ಬರುತ್ತದೆ. ಫೋನ್ ಬಳಸಲು ಬಾರದವರು ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ, ಅಂದರೆ ನಮ್ಮ ಹಳೆಯ ಉಪಕೇಂದ್ರಕ್ಕೆ ಹೋದರೆ ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ವೈದ್ಯರೊಂದಿಗೆ ಸಂಪರ್ಕ ಕಲ್ಪಿಸುತ್ತಾರೆ.

ನಮ್ಮ ರಾಜ್ಯದ ಇನ್ನೊಂದು ಯೋಜನೆ ಗೃಹ ಆರೋಗ್ಯ. 2024ರಲ್ಲಿ ಕೋಲಾರದಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಇದನ್ನು 2025ರಲ್ಲಿ ಇಡೀ ರಾಜ್ಯಕ್ಕೆ ವಿಸ್ತರಿಸಲಾಯಿತು. ಆರೋಗ್ಯ ಸಿಬ್ಬಂದಿ ಮನೆಗೇ ಬಂದು 30 ವರ್ಷ ದಾಟಿದವರ ರಕ್ತದೊತ್ತಡ, ಸಕ್ಕರೆ ಮುಂತಾದವುಗಳನ್ನು ಪರೀಕ್ಷಿಸುವುದು, ಅಗತ್ಯವಿದ್ದವರಿಗೆ ಔಷಧ ತಲುಪಿಸುವುದು ಇದರ ಉದ್ದೇಶ. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಗೆ ‘ನಮ್ಮ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ’ ಎಂದು ತಿಳಿಸಿ. ಅಪರಿಚಿತರು ಮನೆಗೆ ಬಂದು ಹೆಸರು ಬರೆದುಕೊಳ್ಳುವುದೆಂದರೆ ನಮ್ಮಲ್ಲಿ ಕೆಲವರಿಗೆ ಅಂಜಿಕೆ. ಬಂದವರ ಗುರುತಿನ ಚೀಟಿ ಕೇಳಿ ನೋಡಿ. ಆದರೆ ಬಾಗಿಲು ಮುಚ್ಚಿ ಸೌಲಭ್ಯ ಕಳೆದುಕೊಳ್ಳಬೇಡಿ.

ರೋಗಿಯ ಪರವಾಗಿ ನೀವು ಮಾತನಾಡಬಹುದೇ?

ಎಷ್ಟೋ ಸೊಸೆಯಂದಿರ ಅಳುಕು ಇದು. ಮಾವನಿಗೆ ಮಾತು ತೊದಲುತ್ತದೆ, ಅತ್ತೆಗೆ ಕಿವಿ ಕೇಳದು. ‘ರೋಗಿಯನ್ನೇ ಮಾತನಾಡಿಸಿ’ ಎಂದು ವೈದ್ಯರು ಹೇಳಿದರೆ?

2020ರ ಮಾರ್ಚ್ 25ರಂದು ಪ್ರಕಟವಾದ ಟೆಲಿಮೆಡಿಸಿನ್ ಮಾರ್ಗಸೂಚಿ ಇದಕ್ಕೆ ಉತ್ತರ ಕೊಟ್ಟಿದೆ. ರೋಗಿಯ ಆರೈಕೆ ಮಾಡುವವರು ಆತನ ಪರವಾಗಿ ವೈದ್ಯರೊಂದಿಗೆ ಮಾತನಾಡಬಹುದು. ರೋಗಿ ಮಗುವಾಗಿದ್ದರೆ, ಇಲ್ಲವೇ ಮರೆವಿನ ಕಾಯಿಲೆ, ಅಂಗವೈಕಲ್ಯ ಮುಂತಾದ ಕಾರಣಗಳಿಂದ ಅಸಮರ್ಥರಾಗಿದ್ದರೆ ಆರೈಕೆ ಮಾಡುವವರಿಗೆ ಅಧಿಕಾರವಿದೆ ಎಂದೇ ಭಾವಿಸಲಾಗುತ್ತದೆ. ಉಳಿದವರ ವಿಷಯದಲ್ಲಿ ರೋಗಿಯ ಒಪ್ಪಿಗೆ ಪತ್ರ ಅಥವಾ ಸಂಬಂಧವನ್ನು ತೋರಿಸುವ ದಾಖಲೆ ಬೇಕು, ಇಲ್ಲವೇ ಹಿಂದೆ ನೇರವಾಗಿ ಭೇಟಿಯಾದಾಗ ರೋಗಿಯೇ ನಿಮ್ಮನ್ನು ವೈದ್ಯರಿಗೆ ಪರಿಚಯಿಸಿರಬೇಕು. ಆದ್ದರಿಂದ ಮುಂದಿನ ಸಲ ಆಸ್ಪತ್ರೆಗೆ ಹೋದಾಗ ‘ಮನೆಯಲ್ಲಿ ನೋಡಿಕೊಳ್ಳುವವಳು ಇವಳೇ’ ಎಂದು ಅತ್ತೆಯ ಬಾಯಿಂದಲೇ ವೈದ್ಯರಿಗೆ ಹೇಳಿಸಿಬಿಡಿ.

ಇದೇ ಮಾರ್ಗಸೂಚಿಯ ಇನ್ನೂ ಕೆಲವು ಅಂಶಗಳು ನಿಮಗೆ ಗೊತ್ತಿರಬೇಕು. ವೈದ್ಯರ ಹೆಸರು ಮತ್ತು ನೋಂದಣಿ ಸಂಖ್ಯೆ ತಿಳಿಯುವ ಹಕ್ಕು ರೋಗಿಗಿದೆ. ಶುಲ್ಕ ಪಡೆದರೆ ವೈದ್ಯರು ರಶೀದಿ ಕೊಡಬೇಕು. ಹಿಂದೆ ನೇರವಾಗಿ ಕಂಡ ಅದೇ ವೈದ್ಯರೊಂದಿಗೆ 6 ತಿಂಗಳೊಳಗೆ ಅದೇ ಕಾಯಿಲೆಗೆ ಮಾತನಾಡಿದರೆ ಅದು ಮುಂದುವರಿದ ಭೇಟಿ. ಅವಧಿ ದಾಟಿದರೆ ಅದನ್ನು ಹೊಸ ಭೇಟಿಯೆಂದೇ ಪರಿಗಣಿಸಲಾಗುತ್ತದೆ. ಆಗ ಫೋನಿನಲ್ಲಿ ಬರೆದುಕೊಡಬಹುದಾದ ಔಷಧಗಳೂ ಕಡಿಮೆಯಾಗುತ್ತವೆ. ಕ್ಯಾನ್ಸರ್ ನೋವಿಗೆ ಕೊಡುವ ಮಾರ್ಫಿನ್‌ನಂತಹ ಔಷಧಗಳನ್ನು ಫೋನಿನಲ್ಲಿ ಬರೆದುಕೊಡುವಂತಿಲ್ಲ. ಅವುಗಳಿಗೆ ನೇರವಾಗಿಯೇ ಕಾಣಬೇಕು.

ಮರ್ಯಾದೆಯ ವಿಷಯವನ್ನೂ ಹೇಳಬೇಕು. ವೀಡಿಯೋ ಕರೆಯಲ್ಲಿ ರೋಗಿಯ ದೇಹದ ಎಷ್ಟು ಭಾಗ ತೋರಿಸಬೇಕೆಂಬುದು ಅಗತ್ಯಕ್ಕೆ ತಕ್ಕಂತಿರಲಿ. ಉಳಿದ ಭಾಗಕ್ಕೆ ಬಟ್ಟೆ ಹೊದಿಸಿ. ಕೋಣೆಯಲ್ಲಿ ಬೇರೆಯವರು ಇರದಂತೆ ನೋಡಿಕೊಳ್ಳಿ. ಗಾಯದ ಫೋಟೋವನ್ನು ಕುಟುಂಬದ ವಾಟ್ಸ್ಆಪ್ ಗುಂಪಿಗೆ ಹಾಕಬೇಡಿ. ವೃದ್ಧರಿಗೂ ಲಜ್ಜೆಯಿದೆ. ಹಾಸಿಗೆ ಹಿಡಿದ ಮಾತ್ರಕ್ಕೆ ಅದು ಹೋಗಿಬಿಡುವುದಿಲ್ಲ.

ಪಾಲಿಸಿ ಇರುವವರು ಗಮನಿಸಿ

ವಾಣಿಜ್ಯ ವಿಮೆಯ ಕುರಿತು ನಮ್ಮ ವಿದ್ವಾಂಸರಲ್ಲಿ ಅಭಿಪ್ರಾಯ ಭೇದವಿದೆ. ಅದನ್ನು ನಿಮಗೆ ವಿಶ್ವಾಸವಿರುವ ಉಲಮಾಗಳಲ್ಲಿ ಕೇಳಿ ತೀರ್ಮಾನಿಸಿಕೊಳ್ಳಿ. ಆದರೆ ನೌಕರಿಯ ಕಡೆಯಿಂದಲೋ ಸ್ವಂತವಾಗಿಯೋ ಸಾರ್ವಜನಿಕ ರಂಗದ ಅಥವಾ ಖಾಸಗಿ ಕಂಪೆನಿಯ ಆರೋಗ್ಯ ಪಾಲಿಸಿ ಇರುವ ಮನೆಗಳು ಬಹಳಷ್ಟಿವೆ. ಅವರು ತಿಳಿದಿರಬೇಕಾದ ಮಾತಿದು.

ಪಾಲಿಸಿಯಲ್ಲಿ ವೈದ್ಯರ ಸಮಾಲೋಚನೆಗೆ ಹಣ ಕೊಡುವ ಅವಕಾಶವಿದ್ದರೆ ಟೆಲಿಮೆಡಿಸಿನ್ ಸಮಾಲೋಚನೆಗೂ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರ ಜೂನ್‌ನಲ್ಲಿ ಎಲ್ಲ ಕಂಪೆನಿಗಳಿಗೆ ಸೂಚಿಸಿತು. ಇಲ್ಲಿ ‘ಅವಕಾಶವಿದ್ದರೆ’ ಎಂಬ ಪದ ಮುಖ್ಯ. ನಿಮ್ಮ ಪಾಲಿಸಿಯಲ್ಲಿ ಹೊರರೋಗಿ ಸೌಲಭ್ಯ ಇಲ್ಲದಿದ್ದರೆ ಫೋನಿನ ವೈದ್ಯರ ಶುಲ್ಕವೂ ಸಿಗದು. ಆದರೆ ಆಸ್ಪತ್ರೆಗೆ ಸೇರುವ ಮೊದಲಿನ ಮತ್ತು ಬಿಟ್ಟ ನಂತರದ ಇಷ್ಟು ದಿನಗಳ ಖರ್ಚು ಸಿಗುತ್ತದೆ ಎಂದು ಹೆಚ್ಚಿನ ಪಾಲಿಸಿಗಳಲ್ಲಿ ಬರೆದಿರುತ್ತದೆ. ಆ ದಿನಗಳಲ್ಲಿ ಅದೇ ಕಾಯಿಲೆಗಾಗಿ ಫೋನಿನಲ್ಲಿ ವೈದ್ಯರನ್ನು ಕಂಡಿದ್ದರೆ ಅದರ ಶುಲ್ಕವನ್ನೂ ಕೇಳಬಹುದು. ‘ಮನೆಯಲ್ಲಿ ಆಸ್ಪತ್ರೆ ಚಿಕಿತ್ಸೆ’ ಎಂಬ ಇನ್ನೊಂದು ಸೌಲಭ್ಯವೂ ಕೆಲವು ಪಾಲಿಸಿಗಳಲ್ಲಿದೆ. ರೋಗಿಯನ್ನು ಸಾಗಿಸಲಾಗದ ಸ್ಥಿತಿ ಇದ್ದಾಗ ಅಥವಾ ಆಸ್ಪತ್ರೆಯಲ್ಲಿ ಹಾಸಿಗೆ ಸಿಗದಿದ್ದಾಗ ಮನೆಯಲ್ಲೇ ಪಡೆದ ಚಿಕಿತ್ಸೆಗೆ ಇದು ಅನ್ವಯಿಸುತ್ತದೆ. ದೀರ್ಘಕಾಲದ ಸಾಮಾನ್ಯ ಆರೈಕೆಗೆ ಅಲ್ಲ.

ಹಣ ಕೈತಪ್ಪದಂತೆ ನೋಡಿಕೊಳ್ಳಲು ಕಾಗದ ಬೇಕು. ಒಂದು ಫೈಲ್ ಮಾಡಿ ಇವುಗಳನ್ನು ಅದರಲ್ಲಿಡಿ:

* ವೈದ್ಯರ ನೋಂದಣಿ ಸಂಖ್ಯೆ ಮತ್ತು ದಿನಾಂಕವಿರುವ ಔಷಧ ಚೀಟಿ. ಫೋನಿಗೆ ಬಂದದ್ದನ್ನು ಪ್ರಿಂಟ್ ತೆಗೆಸಿ.
* ಶುಲ್ಕದ ರಶೀದಿ. ಅದು ರೋಗಿಯ ಹೆಸರಿನಲ್ಲಿರಲಿ. ಹಣವನ್ನು ಗಲ್ಫಿನಿಂದ ಮಗ ಆನ್‌ಲೈನ್ ಮೂಲಕ ಪಾವತಿಸಿದ್ದರೂ ರಶೀದಿಯಲ್ಲಿ ಇರಬೇಕಾದದ್ದು ರೋಗಿಯ ಹೆಸರು.
* ಔಷಧದ ಅಂಗಡಿಯ ಬಿಲ್ಲು. ‘ಬಿಲ್ಲು ಬೇಡ’ ಎಂದು ಬಂದುಬಿಡಬೇಡಿ.
* ಡಿಸ್ಚಾರ್ಜ್ ಕಾಗದ, ಲ್ಯಾಬ್ ವರದಿಗಳು, ಎಕ್ಸ್-ರೇ.

ಕಂಪೆನಿ ಸರಿಯಾದ ಕಾರಣವಿಲ್ಲದೆ ಹಣ ನಿರಾಕರಿಸಿದರೆ ಮೊದಲು ಅದರ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲೂ ನ್ಯಾಯ ಸಿಗದಿದ್ದರೆ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಅವರ ಕಚೇರಿ ಬೆಂಗಳೂರಿನಲ್ಲೂ ಇದೆ. ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಕರೆ ಮಾಡುವ ಮೊದಲು

ಫೋನಿನ ವೈದ್ಯರಿಗೆ ಕೈ ಇಲ್ಲ, ಕಣ್ಣೂ ಅರ್ಧ. ಅವರ ಕೈ ಮತ್ತು ಕಣ್ಣು ನೀವೇ. ಆದ್ದರಿಂದ ಮೊದಲೇ ಸಿದ್ಧರಾಗಿ. ರಕ್ತದೊತ್ತಡ, ಸಕ್ಕರೆ, ಜ್ವರ ಎಷ್ಟಿದೆ ಎಂದು ಅಳೆದು ಹೊತ್ತಿನ ಸಹಿತ ಬರೆದಿಡಿ. ಕೊಡುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನು ಎದುರಿಗಿಟ್ಟುಕೊಳ್ಳಿ. ‘ಬಿಳಿ ಮಾತ್ರೆ, ಹಳದಿ ಮಾತ್ರೆ’ ಎಂದರೆ ವೈದ್ಯರಿಗೆ ತಿಳಿಯದು. ನಾಟಿ ಮದ್ದು ಕೊಡುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ಕೇಳಬೇಕಾದ ಮೂರು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ರಮಝಾನ್ ಹತ್ತಿರವಿದ್ದು ರೋಗಿ ಉಪವಾಸದ ಹಟ ಹಿಡಿದಿದ್ದರೆ ಆ ಮಾತನ್ನೂ ಕೇಳಿ. ರೋಗಿಗೆ ಶರೀಅತ್ ಕೊಟ್ಟಿರುವ ರಿಯಾಯಿತಿಯನ್ನು ವೈದ್ಯರ ಮಾತಿನ ಜೊತೆಗಿಟ್ಟು ಹಿರಿಯರಿಗೆ ತಿಳಿಹೇಳಲು ಸುಲಭವಾಗುತ್ತದೆ.

ಎದೆನೋವು, ಉಸಿರಾಟದ ತೊಂದರೆ, ಇದ್ದಕ್ಕಿದ್ದಂತೆ ಮುಖ ಸೊಟ್ಟಗಾಗುವುದು, ಮಾತು ನಿಲ್ಲುವುದು, ಎಚ್ಚರ ತಪ್ಪುವುದು, ನಿಲ್ಲದ ರಕ್ತಸ್ರಾವ ಇವುಗಳಲ್ಲಿ ಯಾವುದು ಕಂಡರೂ ಫೋನಿನ ವೈದ್ಯರಿಗಾಗಿ ಸರತಿಯಲ್ಲಿ ಕಾಯಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೊರಡಿ. ತುರ್ತು ಸ್ಥಿತಿಗೆ ಟೆಲಿಮೆಡಿಸಿನ್ ಉತ್ತರವಲ್ಲ.

ಬೇರೆ ದೇಶಗಳು ಏನು ಮಾಡಿವೆ?

ಫ್ರಾನ್ಸ್ ದೇಶದ ಸಾರ್ವಜನಿಕ ವಿಮೆ 2018ರ ಸೆಪ್ಟೆಂಬರ್ 15ರಿಂದ ವೀಡಿಯೋ ಸಮಾಲೋಚನೆಗೂ ನೇರ ಭೇಟಿಯಂತೆಯೇ ಹಣ ಕೊಡತೊಡಗಿತು. ಜಪಾನ್ ಕೂಡ 2018ರಲ್ಲೇ ತನ್ನ ವಿಮೆಯೊಳಗೆ ಆನ್‌ಲೈನ್ ಚಿಕಿತ್ಸೆಯನ್ನು ಸೇರಿಸಿತು.

ಅಮೆರಿಕದ ಅನುಭವ ಇನ್ನೂ ಕುತೂಹಲಕರ. ಅಲ್ಲಿ 65 ವರ್ಷ ದಾಟಿದವರಿಗಾಗಿ ಮೆಡಿಕೇರ್ ಎಂಬ ಸರಕಾರಿ ವಿಮೆಯಿದೆ. ಮನೆಯಿಂದ ಹೊರಹೋಗಲು ಕಷ್ಟವಾದ ರೋಗಿಯ ಮನೆಗೇ ನರ್ಸ್ ಬಂದು ಹೋಗುವ ಖರ್ಚನ್ನು ಅದು ಭರಿಸುತ್ತದೆ. ನಮ್ಮಲ್ಲಿ ಇಲ್ಲದಿರುವುದು ಇದೇ. ಆದರೆ ಅಲ್ಲಿಯ ಕಾನೂನು ಒಂದು ಗೆರೆ ಎಳೆದಿದೆ. ನರ್ಸ್ ಫೋನಿನಲ್ಲೋ ವೀಡಿಯೋದಲ್ಲೋ ವಿಚಾರಿಸಿದರೆ ಅದು ಮನೆಭೇಟಿಯೆಂದು ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಪ್ರತ್ಯೇಕ ಹಣವೂ ಇಲ್ಲ. ಕೊರೋನಾ ನಂತರ ಆರೈಕೆಯ ಯೋಜನೆಯಲ್ಲಿ ಇಂತಹ ಕರೆಗಳನ್ನು ಸೇರಿಸಲು ಅನುಮತಿ ಸಿಕ್ಕಿತು. 2023ರ ಜುಲೈಯಿಂದ ಅವುಗಳ ವಿವರ ನೀಡುವುದೂ ಕಡ್ಡಾಯವಾಯಿತು. ಆದರೂ ಭೇಟಿಗೆ ಬದಲಾಗಿ ಕರೆ ಎಂಬುದನ್ನು ಕಾನೂನು ಒಪ್ಪಿಲ್ಲ.

ಇದರಲ್ಲಿ ತೊಡಕೂ ಇದೆ, ಒಳಿತೂ ಇದೆ. ಹಣ ಸಿಗದ ಕೆಲಸವನ್ನು ಸಂಸ್ಥೆಗಳು ಮನಸ್ಸಿಟ್ಟು ಮಾಡುವುದಿಲ್ಲ ಎಂಬುದು ತೊಡಕು. ಕರೆಗೂ ಭೇಟಿಯಷ್ಟೇ ಹಣ ಕೊಟ್ಟರೆ ನರ್ಸ್ ಮನೆಗೆ ಬರುವುದೇ ನಿಂತುಹೋಗಬಹುದು, ಆ ದಾರಿಯನ್ನು ಮುಚ್ಚಿದ್ದು ಒಳಿತು. ಹುಣ್ಣು ತೊಳೆಯುವ ಕೈಯ ಜಾಗದಲ್ಲಿ ಫೋನನ್ನು ಕೂರಿಸಲಾಗದು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನೆರೆಯ ಕೇರಳದಲ್ಲಿ 1993ರಲ್ಲಿ ಕಲ್ಲಿಕೋಟೆಯಲ್ಲಿ ಮೊಳೆತ ಉಪಶಮನ ಆರೈಕೆಯ ಕೆಲಸ ಮಲಪ್ಪುರಂನಂತಹ ಜಿಲ್ಲೆಗಳಲ್ಲಿ ಜನರ ಚಳವಳಿಯಾಗಿ ಬೆಳೆಯಿತು. ಸ್ವಯಂಸೇವಕರು ಮತ್ತು ನರ್ಸ್‌ಗಳು ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. 2008ರಲ್ಲಿ ಕೇರಳ ಸರಕಾರ ಅದಕ್ಕೊಂದು ನೀತಿಯನ್ನೇ ರೂಪಿಸಿತು. ತಮಿಳುನಾಡು 2021ರ ಆಗಸ್ಟ್‌ನಲ್ಲಿ ಮನೆ ಬಾಗಿಲಿಗೆ ಚಿಕಿತ್ಸೆ ತಲುಪಿಸುವ ಯೋಜನೆ ಆರಂಭಿಸಿತು. ಫಿಸಿಯೋಥೆರಪಿ, ಉಪಶಮನ ಆರೈಕೆಯೂ ಅದರಲ್ಲಿದೆ.

ನಾವು ಕೇಳಬೇಕಾದದ್ದು

ಮದೀನದ ಇತಿಹಾಸದಲ್ಲಿ ರುಫೈದಾ(ರ) ಎಂಬ ಮಹಿಳೆಯ ಹೆಸರು ಬರುತ್ತದೆ. ಕಂದಕ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಪ್ರವಾದಿವರ್ಯರು(ಸ) ಆಕೆಯ ಡೇರೆಯಲ್ಲಿ ಇರಿಸಿದ್ದರು. ಆ ಡೇರೆ ಇದ್ದದ್ದು ಮಸೀದಿಯಲ್ಲಿ. ಹತ್ತಿರದಿಂದ ವಿಚಾರಿಸಿಕೊಳ್ಳಲು ಅನುಕೂಲವಾಗಲೆಂದೇ ಹಾಗೆ ಮಾಡಲಾಗಿತ್ತು. ರೋಗಿಯ ಆರೈಕೆ ಒಬ್ಬ ಹೆಣ್ಣಿನ ಹೆಗಲ ಮೇಲೆ ಬಿಟ್ಟು ಮರೆಯುವ ವಿಷಯವಾಗಿರಲಿಲ್ಲ, ಸಮಾಜದ ನಡುವೆಯೇ ನಡೆಯುವ ಕೆಲಸವಾಗಿತ್ತು.

ಇಂದು ನಮ್ಮ ಜಮಾಅತ್‌ಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಸದಕಾ ಹಣದಿಂದ ನಾಲ್ಕು ಗಾಳಿ ಹಾಸಿಗೆ, ಎರಡು ಗಾಲಿ ಕುರ್ಚಿ, ಬಿಪಿ ಮತ್ತು ಸಕ್ಕರೆ ಅಳೆಯುವ ಯಂತ್ರಗಳನ್ನು ಕೊಂಡು ಬೇಕಾದವರಿಗೆ ಎರವಲು ಕೊಡಬಹುದು. ಇ-ಸಂಜೀವನಿ ಬಳಸಲು ಬಲ್ಲ ಕಾಲೇಜು ಹುಡುಗಿಯರು ವಾರಕ್ಕೊಂದು ದಿನ ಮೊಹಲ್ಲಾದ ವೃದ್ಧೆಯರ ಮನೆಗೆ ಹೋಗಿ ವೈದ್ಯರ ಕರೆ ಮಾಡಿಸಬಹುದು. ರೋಗಿಯ ಸಂದರ್ಶನ ನಮ್ಮ ಧರ್ಮದಲ್ಲಿ ಪರಸ್ಪರರ ಹಕ್ಕು. ಆ ಸಂದರ್ಶನ ಹಣ್ಣು ಕೊಟ್ಟು ಐದು ನಿಮಿಷ ಕುಳಿತು ಬರುವುದಕ್ಕೆ ಸೀಮಿತವಾಗಬೇಕೇ? ಆರೈಕೆ ಮಾಡುವವಳು ಎರಡು ಗಂಟೆ ನಿದ್ರಿಸುವಂತೆ ರೋಗಿಯ ಬಳಿ ಕುಳಿತುಕೊಂಡರೂ ಅದು ಸಂದರ್ಶನವೇ.

ಸರಕಾರದ ಮುಂದೆ ಇಡಬೇಕಾದ ಬೇಡಿಕೆಯೂ ಇದೆ. ಆಸ್ಪತ್ರೆಯಲ್ಲಿ ಮಲಗಿದವರಿಗೆ ಲಕ್ಷಗಟ್ಟಲೆ ಕೊಡುವ ವಿಮೆ ಮನೆಯಲ್ಲಿ ಮಲಗಿದವರಿಗೆ ತಿಂಗಳಿಗೆರಡು ಸಲ ನರ್ಸ್ ಬಂದುಹೋಗುವ ಖರ್ಚನ್ನು, ನಡುವೆ ವೈದ್ಯರ ಫೋನ್ ಕರೆಯ ಖರ್ಚನ್ನು, ಔಷಧದ ಖರ್ಚನ್ನು ಭರಿಸಬಾರದೇಕೆ? ಮನೆಯಲ್ಲಿ ಸರಿಯಾಗಿ ನೋಡಿಕೊಂಡರೆ ಎಷ್ಟೋ ರೋಗಿಗಳು ಮತ್ತೆ ಆಸ್ಪತ್ರೆ ಸೇರುವುದೇ ತಪ್ಪುತ್ತದೆ. ಅದರಿಂದ ಉಳಿಯುವುದು ಸರಕಾರದ ಹಣವೇ. ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ, ಮತ ಕೇಳಲು ಬಾಗಿಲಿಗೆ ಬಂದವರಲ್ಲಿ ಈ ಪ್ರಶ್ನೆ ಕೇಳಿ. ರಸ್ತೆ, ನೀರಿನಂತೆ ಇದೂ ಕೇಳಬೇಕಾದ ವಿಷಯವೇ.

ಕೊನೆಯದಾಗಿ ನಿಮ್ಮದೇ ವಿಷಯ. ಆರೈಕೆ ಮಾಡಿ ಮಾಡಿ ನೀವೇ ಬಳಲಿದ್ದರೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ, ರೋಗಿಯ ಮೇಲೆ ಸಿಟ್ಟು ಬಂದು ಆಮೇಲೆ ಮನಸ್ಸು ಚುಚ್ಚುತ್ತಿದ್ದರೆ ಅದನ್ನು ಈಮಾನಿನ ಕೊರತೆಯೆಂದು ತಿಳಿದು ಒಳಗೊಳಗೇ ನೋಯಬೇಡಿ. 14416 ಎಂಬ ಸಂಖ್ಯೆಗೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಈ ಸೇವೆ ಉಚಿತ. ಹಗಲು ರಾತ್ರಿ ಲಭ್ಯ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತನಾಡಬಹುದು.

ಹೆತ್ತವರ ವೃದ್ಧಾಪ್ಯ ನಮಗೆ ಸ್ವರ್ಗದ ಬಾಗಿಲು ತೆರೆಯುವ ಅವಕಾಶ. ಆ ಅವಕಾಶ ಗಂಡುಮಕ್ಕಳಿಗೂ ಇದೆ. ಈ ಲೇಖನವನ್ನು ಓದಿ ಮುಗಿಸಿದ ಮೇಲೆ ಮನೆಯ ಗಂಡಸರ ಕೈಗೂ ಕೊಡಿ. ಕಾರ್ಡಿನಲ್ಲಿ ಹೆಸರು ಸೇರಿಸುವ, ಫೈಲ್ ಜೋಡಿಸುವ, ಕಚೇರಿಗೆ ಅಲೆಯುವ ಕೆಲಸವಾದರೂ ಅವರ ಪಾಲಿಗೆ ಬರಲಿ. ನಮ್ಮ ಮನೆಯ ರೋಗಿಗಳಿಗೆ ಶಮನವನ್ನೂ ಅವರ ಸೇವೆ ಮಾಡುವವರಿಗೆ ಸಹನೆ ಮತ್ತು ಆರೋಗ್ಯವನ್ನೂ ಅಲ್ಲಾಹನು ದಯಪಾಲಿಸಲಿ, ಆಮೀನ್.